ಚೀಟಿ ಹತ್ತಿರ, ಕಿರಾಣಿ ದೂರ
(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಏಳಿಗೆ ಬಗ್ಗೆ ಹಿರಿಯರು ಮಾತಾಡಿದ್ದಾರೆ. ನಾವು ಒಂದೇ ವಿಷಯ ಹೇಳಿ ಕೂಡುತ್ತೇವೆ. ಬಡವರ ಓಣಿಗೆ ಯಾವ ಅಂಗಡಿ ಹತ್ತಿರ, ಯಾವುದು ದೂರ?

ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವವರು, ಕುರುಗೋಡು ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸುವವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಇವರ ಕೈಗೆ ದುಡ್ಡು ಬರೋದು ಸಂಜೆಗೆ, ಇಲ್ಲವೆ ವಾರಕ್ಕೆ. ಮಟ್ಕಾ ಚೀಟಿ ಬರೆಯುವವನು ಇದನ್ನು ಬಲ್ಲ. ಅವನಿಗೆ ಗೋದಾಮು ಬೇಡ, ಒಂದು ಪೆನ್ನು ಸಾಕು. ಕೂಲಿ ಬಟವಾಡೆ ಆಗೋ ಕಡೆಗೇ ಬಂದು ನಿಲ್ಲುತ್ತಾನೆ. ಕಿರಾಣಿಯವನಿಗೆ ಬಂಡವಾಳ ಬೇಕು, ಗಿರಾಕಿ ಬೇಕು. ಅವನು ಬಸ್ ಸ್ಟ್ಯಾಂಡ್, ಪೇಟೆ ಹಿಡಿಯುತ್ತಾನೆ. ಓಣಿಗೆ ಉಳಿಯೋದು ಗೂಡಂಗಡಿ. ಅಲ್ಲಿ ಎಣ್ಣೆ, ಬೇಳೆ ಎಲ್ಲ ಚಿಕ್ಕ ಪೊಟ್ಟಣ. ಕಿಲೋ ಲೆಕ್ಕ ಹಾಕಿದರೆ ಬಡವನೇ ಹೆಚ್ಚು ಕೊಟ್ಟಿರುತ್ತಾನೆ.

ಹತ್ತು ಜನ ಒಂದೊಂದು ಅಂಕಿಗೆ 10 ರೂಪಾಯಿ ಕಟ್ಟಿದರೆ ಕೂಡಿದ್ದು 100. ಒಂದಕ್ಕೆ ಒಂಬತ್ತರಂತೆ ಗೆದ್ದವನಿಗೆ 90. ಯಾವ ಅಂಕಿ ಬಂದರೂ 10 ರೂಪಾಯಿ ಆಡಿಸುವವನದು. ಗೆದ್ದವನ ಸುದ್ದಿ ಊರಿಗೆಲ್ಲ ಗೊತ್ತು. ಸೋತ ಒಂಬತ್ತು ಮನೆಯ ಒಲೆಯ ಸುದ್ದಿ ಯಾರಿಗೂ ಬೇಡ.

ಕಾನೂನು ಇಲ್ಲ ಅಂತಲ್ಲ. ಮಟ್ಕಾ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಅಪರಾಧ. ಲಾಟರಿ 2007ರಲ್ಲಿ ನಮ್ಮ ರಾಜ್ಯದಲ್ಲಿ ನಿಂತಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ 2025ರಲ್ಲಿ ಸಂಸತ್ತು ನಿಷೇಧದ ಕಾಯ್ದೆ ಮಾಡಿತು. ಆದರೆ ಕಾನೂನು ಒಂದು ಅಂಗಡಿ ಮುಚ್ಚಿಸಬಹುದು, ಇನ್ನೊಂದನ್ನು ತೆರೆಯಲಾರದು. ತೆರೆಯೋ ಕೆಲಸ ಸಹಕಾರ ಸಂಘದ್ದು.

1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ಇದೇ ಕಾರಣಕ್ಕೆ. ಸಾಹುಕಾರನ ಬಾಗಿಲಿಗೆ ರೈತ ಹೋಗೋದು ತಪ್ಪಲಿ, ನ್ಯಾಯದ ಸಾಲ ಅವನ ಊರಿಗೇ ಬರಲಿ ಅಂತ. ಆಗ ಸಾಲ ಬಂದ ಹಾಗೆ ಈಗ ಬೇಳೆ, ಎಣ್ಣೆ ಓಣಿಗೆ ಬರಬೇಕು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಕೂಲಿಕಾರರ ಓಣಿಯಲ್ಲೇ ಸಂಘದ ಒಂದು ಕಿರಾಣಿ ಶಾಖೆ ಆಗಲಿ. ಅದು ಕೂಲಿ ಮುಗಿಸಿ ಬರೋರಿಗಾಗಿ ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಕಾಲು ಕಿಲೋ ಕೊಂಡರೂ ಕಿಲೋದ ದರವೇ ಇರಲಿ. ಲಾಭ ಕಮ್ಮಿ ಆಗ್ತದೆ, ನಿಜ. ಡಿವಿಡೆಂಡ್ ಸ್ವಲ್ಪ ಇಳಿದರೂ ಸರಿ ಅನ್ನೋ ಸದಸ್ಯರು ಇವತ್ತು ಕೈ ಎತ್ತಬೇಕು. ಮೊದಲ ಕೈ ನಮ್ಮದು.

ಜೈ ಸಹಕಾರ.