ಸಮಾಜದ ದಾಸೋಹ : ಯೆಹೂದ್ಯರಲ್ಲಿ ಮತ್ತು ನಮ್ಮಲ್ಲಿ

 

ಈ ಮಹೋತ್ಸವದ ಸಭೆಯಲ್ಲಿ ದಾಸೋಹವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುವುದು. ದಾಸೋಹದ ಮಹಿಮೆಯನ್ನು ತಾವೆಲ್ಲರೂ ಬಲ್ಲಿರಿ; ಮೂರು ದಿನಗಳಿಂದ ಇಲ್ಲಿಯ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದವರಿಗೆ ಅದನ್ನು ಬೇರೆ ಬಣ್ಣಿಸಬೇಕಾಗಿಲ್ಲ. ಆದಕಾರಣ ನಾನು ಮಹಿಮೆಯನ್ನು ಬಿಟ್ಟು ವ್ಯವಸ್ಥೆಯ ಮಾತನ್ನು ಹಿಡಿಯುತ್ತೇನೆ. ಒಂದು ಸಮಾಜವು ತನ್ನೊಳಗಿನ ದೀನನನ್ನು, ವಿಧವೆಯನ್ನು, ಓದಲು ಗತಿಯಿಲ್ಲದ ಹುಡುಗನನ್ನು ಹೇಗೆ ಎತ್ತಿ ಹಿಡಿಯಬೇಕು? ಯಾರು ಕೂಡಿಸಬೇಕು, ಯಾರು ಹಂಚಬೇಕು, ಪಡೆಯುವವನ ಮುಖ ತಗ್ಗದಂತೆ ಹೇಗೆ ಕೊಡಬೇಕು? ಇದನ್ನು ಬಹುಕಾಲದಿಂದ ಚಿಂತಿಸಿ ಕಟ್ಟಳೆ ಮಾಡಿಕೊಂಡಿರುವ ಜನರೊಬ್ಬರಿದ್ದಾರೆ. ಅವರು ಯೆಹೂದ್ಯರು. ಅವರ ರೀತಿಯನ್ನೂ ನಮ್ಮ ರೀತಿಯನ್ನೂ ಮಗ್ಗುಲಲ್ಲಿಟ್ಟು ನೋಡಿದರೆ ನಮ್ಮದೇ ನಮಗೆ ಹೆಚ್ಚು ತಿಳಿದೀತೆಂದು ನನ್ನ ಭಾವನೆ.

ಯೆಹೂದ್ಯರೆಂದರೆ ಎಲ್ಲಿಯೋ ದೂರದವರೆಂದು ಬಗೆಯಬೇಡಿರಿ. ಸಹ್ಯಾದ್ರಿಯ ಆಚೆ ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಶತಮಾನಗಳ ಕಾಲ ಎಣ್ಣೆಯ ಗಾಣ ನಡೆಸಿಕೊಂಡು ಬಾಳಿದರು. ಮಾತು ಮರಾಠಿ. ಶನಿವಾರ ಅವರಿಗೆ ವಿಶ್ರಾಂತಿಯ ದಿನ. ಅಂದು ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಸುತ್ತಲಿನ ಜನ ಅವರನ್ನು ಶನಿವಾರದ ತೇಲಿಗಳೆಂದು ಕರೆದರು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ನಮ್ಮ ಒಕ್ಕಲು ಮಕ್ಕಳಿಗೆ ಈ ಹೆಸರಿನ ಅರ್ಥ ಹೇಳಿಕೊಡಬೇಕಿಲ್ಲ. ಆ ಜನರಲ್ಲಿಯೇ ಹುಟ್ಟಿದ ಸ್ಯಾಮುಯೆಲ್ ಇಜಿಕೀಲ್ ದಿವೇಕರರೆಂಬವರು ಕುಂಪಣಿಯ ದಂಡಿನಲ್ಲಿದ್ದು, ಮೈಸೂರಿನ ಯುದ್ಧದಲ್ಲಿ ಟೀಪುವಿನ ಸೆರೆಯಾಳಾಗಿ, ಬಿಡುಗಡೆ ಹೊಂದಿದ ಮೇಲೆ 1796ರಲ್ಲಿ ಮುಂಬಯಿಯಲ್ಲಿ ತಮ್ಮವರ ಮೊದಲನೆಯ ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದರು. 1948ರಲ್ಲಿ ಇಸ್ರಾಯೇಲ್ ರಾಷ್ಟ್ರವು ಸ್ಥಾಪಿತವಾದ ತರುವಾಯ ಅವರಲ್ಲಿ ಬಹುಜನರು ಅಲ್ಲಿಗೆ ತೆರಳಿದರು. ಈಗ ನಮ್ಮ ದೇಶದಲ್ಲಿ ಉಳಿದಿರುವವರು ಕೆಲವೇ ಸಾವಿರ.

ಇನ್ನು ಅವರ ಕಟ್ಟಳೆಯ ಮಾತು. ಬಡವರಿಗೆ ಕೊಡುವುದಕ್ಕೆ ಅವರ ಹೀಬ್ರೂ ಭಾಷೆಯಲ್ಲಿ ತ್ಸೆದಾಕಾ ಎಂದು ಹೆಸರು. ಈ ಶಬ್ದವು ನ್ಯಾಯವೆಂಬರ್ಥದ ಧಾತುವಿನಿಂದ ಬಂದುದು. ದಯೆ ಬಂದರೆ ಕೊಡು, ಬಾರದಿದ್ದರೆ ಬಿಡು ಎಂಬ ಮಾತು ಅಲ್ಲಿಲ್ಲ. ಬಡವನ ಪಾಲನ್ನು ಅವನಿಗೆ ಮುಟ್ಟಿಸುವುದು ಉಳ್ಳವನ ಮೇಲಿನ ಋಣ. ನಮ್ಮ ದಾಸೋಹ ಶಬ್ದವನ್ನು ಒಡೆದು ನೋಡಿರಿ. ‘ನಾನು ದಾಸನು’ ಎಂಬುದು ಅದರ ಹುರುಳು. ಕೊಡುವವನೇ ದಾಸನಾದ ಮೇಲೆ ಪಡೆಯುವವನು ಒಡೆಯನಾಗಲೇಬೇಕು. ಅವರು ನ್ಯಾಯದ ಹಾದಿಯಿಂದ ಬಂದರು, ನಾವು ಭಕ್ತಿಯ ಹಾದಿಯಿಂದ ಬಂದೆವು. ಉಪಕಾರ ಮಾಡಿದೆನೆಂಬ ಗರ್ವಕ್ಕೆ ಎರಡು ಕಡೆಗೂ ಎಡೆಯಿಲ್ಲ.

ಅವರ ಧರ್ಮಶಾಸ್ತ್ರದಂತೆ ಹೊಲ ಕೊಯ್ಯುವವನು ಅಂಚಿನ ಬೆಳೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕು. ಅದು ಬೆಳೆಯ ಅರುವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದು. ಕೊಯ್ಯುವಾಗ ಉದುರಿದ ತೆನೆಯೂ, ಮರೆತು ಹೋದ ಸಿವುಡೂ ಅವರದೇ. ನಮ್ಮ ಎರೆಯ ಹೊಲಗಳಲ್ಲಿ ಜೋಳದ ಸುಗ್ಗಿಯ ಹಿಂದೆ ಬಡ ಹೆಣ್ಣುಮಕ್ಕಳು ಹಕ್ಕಲು ಆಯುತ್ತಿದ್ದುದನ್ನು ಇಲ್ಲಿಯ ಹಿರಿಯರೆಲ್ಲ ಕಂಡಿದ್ದಾರೆ. ಹಕ್ಕಲಿಗೆ ಅಡ್ಡಿ ಮಾಡುವ ಒಕ್ಕಲಿಗನಿಗೆ ಊರಲ್ಲಿ ಒಳ್ಳೆಯ ಹೆಸರಿರಲಿಲ್ಲ. ಕಣದಲ್ಲಿ ರಾಶಿಯಾದಾಗ ಆಯಗಾರರಿಗೆ ಆಯ, ಮಠಕ್ಕೆ ಕಾಣಿಕೆ, ಬೇಡಿ ಬಂದವನಿಗೆ ಮೊರದ ತುಂಬ ಕಾಳು ಸಲ್ಲಿದ ಮೇಲೆಯೇ ಚೀಲ ತುಂಬುವುದು. ಈಗ ರಾಶಿಯ ಯಂತ್ರವು ಹೊಲಕ್ಕೇ ಬರುತ್ತದೆ, ಚೀಲಗಳು ಅಲ್ಲಿಂದಲೇ ಪೇಟೆಗೆ ಹೋಗುತ್ತವೆ. ಕಣವೇ ಇಲ್ಲವಾದ ಮೇಲೆ ಕಣದ ಧರ್ಮ ಎಲ್ಲಿ ನಿಲ್ಲಬೇಕು? ಯಂತ್ರವನ್ನು ನಾನು ನಿಂದಿಸುವುದಿಲ್ಲ. ಅದು ಒಯ್ದ ಧರ್ಮಕ್ಕೆ ಬದಲಾಗಿ ನಾವು ಏನನ್ನಿಟ್ಟೆವೆಂಬುದಷ್ಟೇ ನನ್ನ ಪ್ರಶ್ನೆ.

ಊರು ಪಟ್ಟಣಗಳಲ್ಲಿ ಯೆಹೂದ್ಯರು ಎರಡು ಏರ್ಪಾಟುಗಳನ್ನು ಮಾಡಿಕೊಂಡಿದ್ದರು. ಒಂದು ತಮ್ಹೂಯಿ, ಎಂದರೆ ದಿನದಿನವೂ ಮನೆಮನೆಯಿಂದ ಕೂಡಿಸಿ ಹಸಿದವನಿಗೆ ಅಂದೇ ಹಂಚುವ ಅನ್ನ. ಮತ್ತೊಂದು ಕುಪ್ಪಾ, ಎಂದರೆ ವಾರಕ್ಕೊಮ್ಮೆ ಊರ ಬಡವರಿಗೆ ಕೊಡುವ ಹಣದ ಪೆಟ್ಟಿಗೆ. ಎರಡು ಹೊತ್ತಿನ ಊಟ ಮನೆಯಲ್ಲಿದ್ದವನು ತಮ್ಹೂಯಿಗೆ ಕೈಯೊಡ್ಡಬಾರದು; ಹದಿನಾಲ್ಕು ಹೊತ್ತಿನದು ಇದ್ದವನು ಕುಪ್ಪಾದಿಂದ ತೆಗೆದುಕೊಳ್ಳಬಾರದು. ಊರಿಗೆ ಬಂದು 30 ದಿನ ನಿಂತವನು ಅನ್ನದ ವಂತಿಗೆಗೂ, ಮೂರು ತಿಂಗಳು ನಿಂತವನು ಪೆಟ್ಟಿಗೆಯ ವಂತಿಗೆಗೂ ಬಾಧ್ಯನು. ಪೆಟ್ಟಿಗೆಗೆ ಕೂಡಿಸಲು ಒಬ್ಬನೇ ಹೋಗಕೂಡದು, ಇಬ್ಬರು ಹೋಗಬೇಕು. ಹಂಚುವಾಗ ಮೂವರು ಕೂಡಬೇಕು. ಯಾರಿಗೆಷ್ಟೆಂಬುದನ್ನು ತೀರ್ಮಾನಿಸುವುದು ನ್ಯಾಯ ತೀರಿಸಿದಂತೆಯೇ ಆದುದರಿಂದ ನ್ಯಾಯಸ್ಥಾನಕ್ಕಿರುವಂತೆ ಮೂವರು. ನಮ್ಮ ಎಷ್ಟು ಕಮಿಟಿಗಳಲ್ಲಿ ಕೂಡಿಸುವವನೂ ಇಡುವವನೂ ಹಂಚುವವನೂ ಒಬ್ಬನೇ ಆಗಿರುತ್ತಾನೆಂಬುದನ್ನು ತಾವೇ ಎಣಿಸಿಕೊಳ್ಳಬಹುದು.

ದಾನ ಪಡೆದು ಬದುಕುವ ಬಡವನು ಸಹ ತನಗೆ ಬಂದುದರಲ್ಲಿ ಕಿಂಚಿತ್ತನ್ನು ದಾನ ಮಾಡಬೇಕೆಂದೂ ಅವರಲ್ಲಿ ವಿಧಿಯುಂಟು. ಮೊದಲು ಓದಿದಾಗ ಇದು ಕಠಿಣವೆನಿಸೀತು. ಆದರೆ ಒಲೆಯ ಮುಂದೆ ಕುಳಿತು, ಮನೆಯಲ್ಲಿ ಎಷ್ಟೇ ಅಡಚಣೆಯಿದ್ದರೂ ಜಂಗಮನಿಗೆಂದು ಒಂದು ಹಿಡಿ ಹಿಟ್ಟನ್ನು ಬೇರೆ ತೆಗೆದಿಡುತ್ತಿದ್ದ ನಮ್ಮ ತಾಯಂದಿರು ಮಾಡಿದ್ದೂ ಇದನ್ನೇ. ಕೊಡಲು ತನಗೂ ಅಧಿಕಾರವಿದೆ ಎಂದು ತಿಳಿದ ಬಡವಿಯು ಪಡೆಯುವಾಗ ಕುಗ್ಗುವುದಿಲ್ಲ.

1204ರಲ್ಲಿ ತೀರಿಕೊಂಡ ಮೈಮಾನಿದೀಸನೆಂಬ ಪಂಡಿತನು, ವೃತ್ತಿಯಿಂದ ವೈದ್ಯನು, ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾನೆ. ಮುಖ ಸಿಂಡರಿಸಿ ಕೊಡುವುದು ಕಟ್ಟಕಡೆಯದು. ಬೇಡಿದ ಮೇಲೆ ಕೊಡುವುದಕ್ಕಿಂತ ಬೇಡುವ ಮೊದಲೇ ಕೊಡುವುದು ಮೇಲು. ಕೊಟ್ಟವನಾರೆಂದು ಪಡೆದವನಿಗೂ, ಪಡೆದವನಾರೆಂದು ಕೊಟ್ಟವನಿಗೂ ತಿಳಿಯದಂತೆ ಕೊಡುವುದು ಇನ್ನೂ ಮೇಲು. ಇವೆಲ್ಲಕ್ಕೂ ಮೇಲಾದುದು ಕೈಗಡವನ್ನೋ, ಪಾಲುಗಾರಿಕೆಯನ್ನೋ, ಉದ್ಯೋಗವನ್ನೋ ಕೊಟ್ಟು ಅವನು ಮುಂದೆ ಬೇಡದಂತೆ ಮಾಡುವುದು. ಕಾಯಕವನ್ನು ಕಲಿಸಿದ ಶರಣರ ಸಂತಾನವಾದ ನಮಗೆ ಈ ಕೊನೆಯ ಮೆಟ್ಟಿಲು ಮನೆಯ ಮೆಟ್ಟಿಲಿನಂತೆಯೇ ಪರಿಚಿತವಾಗಿರಬೇಕು.

ನಮ್ಮ ಸೀಮೆಯ ಕಡೆಗೆ ಬರೋಣ. ಸವದತ್ತಿ ತಾಲೂಕಿನ ಶಿರಸಂಗಿಯ ದೇಸಗತಿಗೆ ದತ್ತಕರಾಗಿ ಬಂದ ಲಿಂಗರಾಜರು 1861ರಲ್ಲಿ ಶಿಗ್ಲಿಯಲ್ಲಿ ಜನಿಸಿದವರು. 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲತಕ್ಕದ್ದೆಂದು ಮೃತ್ಯುಪತ್ರ ಬರೆದಿಟ್ಟರು. ಆ ಪತ್ರದ ಮೇಲೆ ನ್ಯಾಯಾಲಯಗಳಲ್ಲಿ ಬಹುಕಾಲ ವ್ಯಾಜ್ಯ ನಡೆದ ಬಳಿಕವೇ ನವಲಗುಂದ-ಶಿರಸಂಗಿ ಟ್ರಸ್ಟಿನ ಮೂಲಕ ಅದರ ಫಲವು ವಿದ್ಯಾರ್ಥಿಗಳಿಗೆ ದೊರೆಯತೊಡಗಿತು. ದೇಸಾಯರು ಇದಕ್ಕೆ ಬದಲಾಗಿ ಒಂದು ದೊಡ್ಡ ಛತ್ರವನ್ನು ಕಟ್ಟಿಸಿದ್ದರೆ ಅಂದೇ ಕೀರ್ತಿ ಬರುತ್ತಿದ್ದಿತು. ಅವರು ಆರಿಸಿಕೊಂಡುದು ತಮ್ಮ ಕಣ್ಣಿಗೆಂದೂ ಬೀಳದ ಹುಡುಗರಿಗೆ ಕೊಡುವ ಹಾದಿಯನ್ನು. ಅದು ಮೈಮಾನಿದೀಸನ ಮೇಲಿನ ಮೆಟ್ಟಿಲುಗಳಲ್ಲಿ ನಿಲ್ಲುವ ದಾನ.

1916ರಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದರ ಮೊದಲ ಹಾಯಸ್ಕೂಲಿಗೆ ಗಿಲಗಂಚಿ ಹಾಗೂ ಅರಟಾಳ ಎಂಬ ಇಬ್ಬರು ಹಿರಿಯರ ಹೆಸರು. 1933ರ ಕಾಲೇಜಿಗೆ ಲಿಂಗರಾಜರ ಹೆಸರು. ಆದರೆ ಶಾಲೆ ಇದ್ದ ಮಾತ್ರಕ್ಕೆ ಹಳ್ಳಿಯ ಹುಡುಗ ಓದಲಾರ, ಅವನಿಗೆ ಎರಡು ಹೊತ್ತಿನ ಕೂಳು ಬೇಕು, ಮಲಗಲು ಚಾಪೆಯ ಜಾಗ ಬೇಕು. ಇದನ್ನು ಕಂಡವರು ಮಠಾಧೀಶರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು 1917ರಲ್ಲಿ ಪ್ರಸಾದನಿಲಯ ತೆರೆದರು. ಬೈಲಹೊಂಗಲ ತಾಲೂಕಿನ ನಾಗನೂರಿನ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ತೆರೆದರು. ಹಳ್ಳಿಯ ಭಕ್ತರ ಕಾಳುಕಡಿಯೇ ಇಂಥ ನಿಲಯಗಳ ಖಜಾನೆ. ಚಕ್ಕಡಿಯಲ್ಲಿ ಜೋಳ ಹೇರಿದ ಒಕ್ಕಲಿಗನಿಗೆ ಅದನ್ನು ಯಾವ ಹುಡುಗ ಉಂಡನೆಂದು ತಿಳಿಯದು. ಉಂಡ ಹುಡುಗನಿಗೆ ಅದು ಯಾರ ಹೊಲದ್ದೆಂದು ತಿಳಿಯದು. ಎಂಟು ಮೆಟ್ಟಿಲುಗಳ ಲೆಕ್ಕವನ್ನೋದದೆಯೇ ನಮ್ಮ ಹಿರಿಯರು ಅದನ್ನು ನಡೆಸಿ ತೋರಿಸಿದ್ದರು.

ಇಷ್ಟು ಹೇಳಿ ಹೊಗಳಿಕೆಯಲ್ಲಿಯೇ ನಿಂತರೆ ಈ ಸಭೆಗೆ ಅನ್ಯಾಯ ಮಾಡಿದಂತಾಗುವುದು. ನಮ್ಮ ಸಾಮಾಜಿಕ ದಾಸೋಹದ ಬಹುಪಾಲು ಓದುವ ಹುಡುಗರ ಕಡೆಗೇ ಹರಿದಿದೆ. ಅದು ಒಳ್ಳೆಯದೇ. ಓದದೆ ಉಳಿದವರ ಗತಿಯೇನು? ಯೆಹೂದ್ಯರು ಬಡಕನ್ಯೆಯ ವಿವಾಹಕ್ಕೆ, ರೋಗಿಯನ್ನು ನೋಡಿ ಬರುವುದಕ್ಕೆ, ಬಡ್ಡಿಯಿಲ್ಲದ ಕೈಗಡಕ್ಕೆ, ಶವಸಂಸ್ಕಾರಕ್ಕೆ ಬೇರೆ ಬೇರೆ ಕೂಟಗಳನ್ನು ಕಟ್ಟಿಕೊಂಡರು. ನಮ್ಮಲ್ಲಿ ಅನೇಕ ಮಠಗಳು ಸಾಮೂಹಿಕ ವಿವಾಹಗಳನ್ನು ನಡೆಸಿ ಒಂದು ಭಾರವನ್ನು ಇಳಿಸಿವೆ. ಕೈಗಡದ ಮಾತೆತ್ತಿದರೆ ಮಾತ್ರ ನಾವೆಲ್ಲ ಮೌನ. ಮಳೆ ಹೋದ ವರ್ಷ ಬೀಜಕ್ಕೆ ಹಣವಿಲ್ಲದ ಕೋರಿನ ಒಕ್ಕಲಿಗನು, ನೂಲಿಗೆ ಹಣವಿಲ್ಲದ ರಾಮದುರ್ಗದ ನೇಕಾರನು ಮಠಕ್ಕೆ ಬಂದರೆ ಪ್ರಸಾದ ಸಿಗುವುದು. ಬೀಜವೂ ನೂಲೂ ಸಿಗುವುದಿಲ್ಲ. 2019ರ ಶ್ರಾವಣದಲ್ಲಿ ಮಲಪ್ರಭೆ ಏರಿ ಸವದತ್ತಿ, ರಾಮದುರ್ಗದ ದಂಡೆಯ ಊರುಗಳನ್ನು ನುಗ್ಗಿದಾಗ ಅನ್ನ, ಅರಿವೆ, ಹೊದಿಕೆ ಎಲ್ಲ ಕಡೆಯಿಂದಲೂ ಬಂದವು. ನೀರಿಳಿದ ಮೇಲೆ ಎತ್ತು ಕಳೆದುಕೊಂಡವನಿಗೆ ಬೇಕಾದುದು ಮತ್ತೊಂದು ಕಂಬಳಿಯಾಗಿರಲಿಲ್ಲ, ಎತ್ತಿನ ಜೋಡಿಯಾಗಿತ್ತು.

ಶವಸಂಸ್ಕಾರದ ಮಾತನ್ನು ತುಸು ಬಿಡಿಸಿ ಹೇಳಬೇಕು. ಪೂರ್ವದಲ್ಲಿ ಯೆಹೂದ್ಯರ ಮನೆಯಲ್ಲಿ ಸಾವಾದರೆ ಅದರ ವೆಚ್ಚವು ಸಾವಿಗಿಂತ ಘೋರವಾಗಿ, ಕೆಲವರು ಹೆಣವನ್ನು ಬಿಟ್ಟು ಓಡಿಹೋಗುತ್ತಿದ್ದರಂತೆ. ಆಗ ಗಮಲಿಯೇಲನೆಂಬ ಅವರ ಮಹಾಗುರುವು ತನ್ನನ್ನು ಸಾದಾ ನಾರುಬಟ್ಟೆಯಲ್ಲಿಯೇ ಹೊರಡಿಸಬೇಕೆಂದು ವಿಧಿಸಿದನು. ಗುರುವಿಗೆ ಸಾದಾ ಬಟ್ಟೆ ಸಾಕಾದ ಮೇಲೆ ಸಾಹುಕಾರನಿಗೂ ಸಾಕಾಯಿತು, ಬಡವನ ಮಾನ ಉಳಿಯಿತು. ನಮ್ಮಲ್ಲಿ ಮಣ್ಣಿನ ಸಂಸ್ಕಾರವು ಸ್ವಭಾವದಿಂದಲೇ ಸರಳವಾದುದು. ವಿಭೂತಿ, ಪತ್ರಿ, ಮೂರು ಹಿಡಿ ಮಣ್ಣು. ದೇಸಾಯಿಗೂ ಕೂಲಿಗೂ ಒಂದೇ. ಭಾರವಾಗಿರುವುದು ತರುವಾಯದ ಶಿವಗಣಾರಾಧನೆ. ಊರೆಲ್ಲ ಉಣ್ಣುವ ಸಿಹಿಯೂಟಕ್ಕೆಂದು ಹೊಲವನ್ನು ಒತ್ತೆಯಿಟ್ಟ ಮನೆಗಳು ಈ ನಾಲ್ಕು ತಾಲೂಕುಗಳಲ್ಲಿ ಇಲ್ಲವೆಂದು ಯಾರಾದರೂ ಎದೆ ಮುಟ್ಟಿ ಹೇಳಬಲ್ಲರೇ? ಉಳ್ಳವರು ಮೊದಲು ಸರಳ ಮಾಡದೆ ಇಲ್ಲದವರು ಮಾಡಲಾರರು. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ಮನೆತನಗಳವರಿಗೆ ಈ ಅರಿಕೆ.

ಯೆಹೂದ್ಯರಲ್ಲಿ ಎಲ್ಲವೂ ಸರಿಯಾಗಿದ್ದಿತೆಂದು ನಾನು ಹೇಳಲಾರೆ. 1832ರ ಹೊತ್ತಿಗೆ ಬಗದಾದಿನಿಂದ ಮುಂಬಯಿಗೆ ಬಂದು ಕೋಟ್ಯಧೀಶರಾದ ಡೇವಿಡ್ ಸಸೂನರ ಔದಾರ್ಯದಿಂದ ಪುಣೆಯಲ್ಲಿ 1867ರಲ್ಲಿ ತೆರೆದ ಸಸೂನ್ ಆಸ್ಪತ್ರೆಯಲ್ಲಿ ಜಾತಿಮತ ನೋಡದೆ ಇಂದಿಗೂ ಬಡವರಿಗೆ ಚಿಕಿತ್ಸೆ ನಡೆದಿದೆ. ಆದರೆ ಬಗದಾದಿನ ಇದೇ ಯೆಹೂದ್ಯರು ಕೊಂಕಣದ ಬೆನೆ ಇಸ್ರಾಯೇಲರನ್ನು ತಮಗೆ ಸಮರೆಂದೆಣಿಸದೆ, ಪ್ರಾರ್ಥನೆಯಲ್ಲಿಯೂ ಸ್ಮಶಾನದಲ್ಲಿಯೂ ದೂರವಿರಿಸಲು ಬಯಸಿದರು. ಬೆನೆ ಇಸ್ರಾಯೇಲರು ತಮ್ಮ ಮಕ್ಕಳಿಗೆ ತಾವೇ ಹಾದಿ ಮಾಡಿಕೊಳ್ಳಬೇಕಾಯಿತು. 1875ರಲ್ಲಿ ಹಾಯೀಮ್ ಸ್ಯಾಮುಯೆಲ್ ಕೇಹಿಮಕರರು ಮುಂಬಯಿಯಲ್ಲಿ ಶಾಲೆ ತೆರೆದರು. ಪರರಿಗೆ ಆಸ್ಪತ್ರೆ ಕಟ್ಟಿಸಿದ ಜನ ಒಡಹುಟ್ಟಿದವರ ಗೋರಿಗೆ ಗೋಡೆ ಬಯಸಿದುದು ವಿಚಿತ್ರವೇ ಸರಿ. ಒಳಪಂಗಡದ ಹೆಸರು ಕೇಳಿ ನೆರವನ್ನು ಅಳೆಯುವ ಚಾಳಿ ನಮ್ಮಲ್ಲಿಯೂ ಸತ್ತಿಲ್ಲವಾದ್ದರಿಂದ ಇದನ್ನು ಹೇಳಿದೆ. ಅವರ ಶಾಸ್ತ್ರವಾದರೋ ತಮ್ಮ ಬಡವರೊಡನೆ ಅನ್ಯರ ಬಡವರನ್ನೂ ಸಾಕಬೇಕೆಂದೇ ವಿಧಿಸುತ್ತದೆ. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಸನ್ನಿಧಿಯವರ ಪಾದದಲ್ಲಿ ನನ್ನ ಬಿನ್ನಹವಿಷ್ಟೆ. ಈ ಮಹೋತ್ಸವದ ಖರ್ಚು ತೀರಿ ಉಳಿಯುವ ಕಾಳು ಮತ್ತು ಹಣದಿಂದ ನಾಲ್ಕೂ ತಾಲೂಕುಗಳಿಗೆ ಒಂದೊಂದು ಪೆಟ್ಟಿಗೆಯಾಗಲಿ. ಕೂಡಿಸಲು ಇಬ್ಬರು, ಹಂಚಲು ಬೇರೆ ಮೂವರು. ಹಂಚುವ ಮೂವರಲ್ಲಿ ಒಬ್ಬಳು ತಾಯಿ ಇರಲಿ, ಏಕೆಂದರೆ ಮನೆಯ ಒಲೆ ಹೊತ್ತದಿರುವುದು ಗಂಡಸರಿಗಿಂತ ಅವಳಿಗೆ ಮೊದಲು ತಿಳಿಯುವುದು. ಬೀಜ, ನೂಲು, ಹೊಲಿಗೆಯ ಯಂತ್ರ, ಆಕಳು ಇವುಗಳಿಗೆ ಬಡ್ಡಿಯಿಲ್ಲದ ಕೈಗಡ; ತಿರುಗಿ ಬಂದ ಹಣ ಮತ್ತೊಬ್ಬನಿಗೆ. ಲೆಕ್ಕವನ್ನು ಪ್ರತಿ ಅಮಾವಾಸ್ಯೆಯಂದು ಮಠದಲ್ಲಿ ಓದತಕ್ಕದ್ದು, ಆದರೆ ಪಡೆದವರ ಹೆಸರನ್ನು ಓದಕೂಡದು. ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದೂ ಬೇಡ. ಮಠದ ಗೋಡೆಗಳ ಮೇಲೆ ಅಂಥ ಕಲ್ಲುಗಳಿಗೆ ಇನ್ನು ಸ್ಥಳವೂ ಉಳಿದಿಲ್ಲ.

ಪೆಟ್ಟಿಗೆಯ ಕೆಲಸಕ್ಕೆ ತಿಂಗಳಲ್ಲಿ ಎರಡು ದಿನ ಕೊಡಬಲ್ಲವರು ಇಂದಿನ ಪ್ರಸಾದದ ನಂತರ ಮಠದ ಕಚೇರಿಯಲ್ಲಿ ತಮ್ಮ ಊರನ್ನು ತಿಳಿಸಬೇಕಾಗಿ ಪ್ರಾರ್ಥನೆ. ಜೋಳದ ಸುಗ್ಗಿಗೆ ಇನ್ನು ಹೆಚ್ಚು ದಿನಗಳಿಲ್ಲ.