ಉಪ್ಪಾಗೆಯ ಹುಳಿ
(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಉಷ್ಣವಲಯದ ನಿತ್ಯಹರಿದ್ವರ್ಣ ವೃಕ್ಷಗಳ ಔಷಧಗುಣಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ವಿಷಯವು ವಿಶಾಲವಾದುದು, ಆದುದರಿಂದ ಒಂದೇ ಮರವನ್ನು ಹಿಡಿದು ಹೇಳುವೆನು. ಅದು ನಮ್ಮ ಸಹ್ಯಾದ್ರಿಯ ಉಪ್ಪಾಗೆ.

ಶಿರಸಿ, ಸಿದ್ದಾಪುರಗಳ ಕಡೆಯವರಿಗೆ ಇದರ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಬಯಲುಸೀಮೆಯವರಿಗಾಗಿ ಹೇಳುವೆನು: ಇದು ಮುರುಗಲಿನ ಹತ್ತಿರದ ನಂಟ. ಇದರ ಕಾಯಿ ಪುಟ್ಟ ಕುಂಬಳದಂತೆ ಏಣುಏಣಾಗಿದ್ದು, ಮಳೆಗಾಲದಲ್ಲಿ ಹಳದಿಯಾಗಿ ಹಣ್ಣಾಗುವದು. ಒಣಗಿಸಿದ ಸಿಪ್ಪೆ ಅಡಿಗೆಯ ಹುಳಿಯಾಗುವದು. ಬೀಜದಿಂದ ತುಪ್ಪ ತೆಗೆಯುವರು. ಕೊಡಗಿನವರು ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕಾಯಿಸಿ ಕಾಚಂಪುಳಿಯನ್ನು ಮಾಡುವರು. ಮಲೆಯಾಳದವರಿಗೆ ಇದೇ ಕೊಡಂಪುಳಿ. ವಾತಕ್ಕೂ ಹೊಟ್ಟೆಯ ಬೇನೆಗೂ ಸಿಪ್ಪೆಯ ಕಷಾಯವನ್ನು ಕೊಡುವ ರೂಢಿಯು ಹಿಂದಿನಿಂದ ಬಂದಿದೆ.

ಈ ಹುಳಿಯು ಯಾವ ಆಮ್ಲದ್ದು? ಹುಣಿಸೆಯ ಆಮ್ಲವೆಂದೋ ನಿಂಬೆಯ ಆಮ್ಲವೆಂದೋ ಬಹುಕಾಲ ತಿಳಿಯಲಾಗಿತ್ತು. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ಶಾಸ್ತ್ರಜ್ಞರು ಅದು ಇವೆರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು. ನಮ್ಮ ಕಾಡಿನ ಹಣ್ಣಿನ ಗುಟ್ಟು ನಮ್ಮ ನಾಡಿನ ಪ್ರಯೋಗಶಾಲೆಯಲ್ಲಿಯೇ ಬಯಲಾದುದು ಹೆಮ್ಮೆಯ ಸಂಗತಿಯಲ್ಲವೇ?

ಮುಂದೆ 1969ರಲ್ಲಿ ಅಮೇರಿಕೆಯ ಶಾಸ್ತ್ರಜ್ಞರು ಇನ್ನೊಂದು ಸಂಗತಿಯನ್ನು ಕಂಡರು. ನಾವು ಹೆಚ್ಚಾಗಿ ತಿಂದ ಅನ್ನ ಸಕ್ಕರೆಗಳನ್ನು ಶರೀರವು ಕೊಬ್ಬಾಗಿ ಮಾರ್ಪಡಿಸುವದಷ್ಟೇ. ಈ ಕಾರ್ಯದಲ್ಲಿ ಸಿಟ್ರಿಕ್ ಆಮ್ಲವನ್ನು ಸೀಳುವ ಒಂದು ಕಿಣ್ವವು ಬೇಕಾಗುವದು. ಉಪ್ಪಾಗೆಯ ಆಮ್ಲವು ರೂಪದಲ್ಲಿ ಸಿಟ್ರಿಕ್ ಆಮ್ಲವನ್ನೇ ಹೋಲುವದರಿಂದ, ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುವದು. ಬೀಗದೊಳಗೆ ತಪ್ಪು ಕೀಲಿಯು ಸಿಕ್ಕಿಕೊಂಡರೆ ಸರಿಯಾದ ಕೀಲಿಗೆ ಎಡೆಯೆಲ್ಲಿ? ಇಲಿಗಳಲ್ಲಿ ಕೊಬ್ಬಿನ ಉತ್ಪತ್ತಿಯು ಕುಗ್ಗಿದುದೂ ಕಂಡುಬಂದಿತು.

ಇಷ್ಟು ಸಾಕಾಯಿತು ವ್ಯಾಪಾರಿಗಳಿಗೆ! ಬೊಜ್ಜು ಕರಗಿಸುವ ಮಾತ್ರೆಗಳೆಂದು ಜಾಹೀರಾತುಗಳು ಹೊರಟವು. 1990ರ ದಶಕದಲ್ಲಿ ಸಿಪ್ಪೆಗೆ ಬೇಡಿಕೆಯು ಏರಿತು. ಹಣ್ಣಾಗುವ ಮೊದಲೇ ಕಾಯಿ ಕೀಳುವದು, ಕೊಂಬೆಗಳನ್ನೇ ಕಡಿದು ಕೆಡಹುವದು ಆರಂಭವಾಯಿತು. ಮಳೆಗಾಲದಲ್ಲಿ ಬಿಸಿಲೆಲ್ಲಿ? ಸಿಪ್ಪೆಯನ್ನು ಒಣಗಿಸಲು ಬೆಂಕಿಯೇ ಬೇಕು. ಬೆಂಕಿಗೆ ಕಾಡಿನ ಕಟ್ಟಿಗೆಯೇ ಬೇಕು. ಇತ್ತ ಅಘನಾಶಿನಿಯ ಕಣಿವೆಯ ಸಿಂಗಳೀಕಗಳಿಗೂ ಉಪ್ಪಾಗೆಯು ಆಹಾರವೆಂಬದನ್ನು ನೆನೆದವರು ಎಷ್ಟು ಮಂದಿ?

ಆ ಮಾತ್ರೆಯಿಂದ ಮೈ ಇಳಿಯಿತೇ? 1998ರಲ್ಲಿ ನ್ಯೂಯಾರ್ಕಿನಲ್ಲಿ ಪರೀಕ್ಷಿಸಿದ ಫಲವು ಪ್ರಕಟವಾಯಿತು. 135 ಜನ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಮಿತಾಹಾರವನ್ನು ವಿಧಿಸಿ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಬರಿಯ ಮಾತ್ರೆಯನ್ನೂ 12 ವಾರ ಕೊಟ್ಟರು. ಔಷಧ ಸೇವಿಸಿದವರು ಸರಾಸರಿ 3.2 ಕಿಲೋ ಇಳಿದರೆ ಬರಿಯ ಮಾತ್ರೆಯವರು 4.1 ಕಿಲೋ ಇಳಿದಿದ್ದರು! ಔಷಧದಿಂದ ಹೆಚ್ಚಿನ ಗುಣವೇನೂ ಸಿದ್ಧವಾಗಲಿಲ್ಲ. ಇಂಥ ಮಾತ್ರೆಗಳನ್ನು ಸೇವಿಸಿದ ಕೆಲವರಿಗೆ ಯಕೃತ್ತಿನ ಬೇನೆಯುಂಟಾದ ವರದಿಗಳೂ ಬಂದಿವೆ.

ಮಹನೀಯರೇ, ಇದರಲ್ಲಿ ಉಪ್ಪಾಗೆಯ ದೋಷವೇನೂ ಇಲ್ಲ; ಶಾಸ್ತ್ರದ ದೋಷವೂ ಇಲ್ಲ. ಗಾಜಿನ ಕೊಳವೆಯಲ್ಲಿ ನಡೆದುದು, ಇಲಿಯಲ್ಲಿ ಕಂಡುದು, ಮನುಷ್ಯನಲ್ಲಿ ಆಗಿಯೇ ತೀರುವದೆಂದು ಆತುರಪಟ್ಟವರ ದೋಷವದು. ಅಡಿಗೆಯ ಚಿಟಿಕೆ ಹುಳಿ ಬೇರೆ, ಅದರ ಸಾರವನ್ನು ಹಿಂಡಿದ ಮಾತ್ರೆ ಬೇರೆ.

ಶಿಕ್ಷಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ. ಮಲೆನಾಡಿನ ಶಾಲೆಯವರು ಮಕ್ಕಳನ್ನು ಒಮ್ಮೆ ಮರದ ಬುಡಕ್ಕೆ ಕರೆದೊಯ್ಯಿರಿ. ಉಪ್ಪಾಗೆಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ ಎಂಬದನ್ನು ತೋರಿಸಿರಿ. ಕಾಯಿ ಬಿಡದ ಮರವು ನಿರುಪಯೋಗಿಯೆಂದು ಕಡಿದರೆ ಕಾಯಿ ಬಿಡುವ ಮರವೂ ಬರಡಾದೀತೆಂದು ತಿಳಿಹೇಳಿರಿ. ಮನೆಯ ಅಜ್ಜಿಯರಿಂದ ಅದರ ಉಪಯೋಗಗಳನ್ನು ಕೇಳಿ ಬರೆದು ತರುವಂತೆ ಹೇಳಿರಿ. ಅದರೊಡನೆ, ಕೇಳಿದುದನ್ನೆಲ್ಲ ಪರೀಕ್ಷಿಸದೆ ನಂಬಬಾರದೆಂಬ ಪಾಠವನ್ನೂ ಕಲಿಸಿರಿ. ಅಜ್ಜಿಯ ಮಾತಿಗೆ ಗೌರವವಿರಲಿ, ಪ್ರಯೋಗಶಾಲೆಯ ಮಾತಿಗೆ ತಾಳ್ಮೆಯಿರಲಿ, ಜಾಹೀರಾತಿನ ಮಾತಿಗೆ ಎಚ್ಚರವಿರಲಿ.