ಮನೆಯ ರಿಪೇರಿ: ನಮ್ಮ ಕೈಗೆ ಸೇರಿದ್ದೆಷ್ಟು?

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯ ಮೇಲೆ ನಿಂತವರು ಸಾಹಿತ್ಯದ ಮಾತನ್ನೋ ನಾಡಿನ ಇತಿಹಾಸದ ಮಾತನ್ನೋ ಆಡುವುದು ವಾಡಿಕೆ. ನಾವು ಆಡಹೊರಟಿರುವುದು ನಲ್ಲಿ, ಮೋರಿ, ಒದ್ದೆ ಗೋಡೆ ಇವುಗಳ ಮಾತು. ವಿಷಯವೇನೆಂದು ಕಾರ್ಯದರ್ಶಿಗಳು ಕೇಳಿದಾಗ "ಮನೆಯ ರಿಪೇರಿ" ಎಂದೆವು. ಅವರು ಒಂದು ಕ್ಷಣ ಸುಮ್ಮನಿದ್ದು, "ಆಗಲಿ, ನಮ್ಮ ಬಚ್ಚಲೂ ಸೋರುತ್ತಿದೆ" ಎಂದರು. ಚೌತಿ ಮೊನ್ನೆ ಕಳೆಯಿತು, ಮಳೆ ಇನ್ನೂ ಪೂರ್ತಿ ಹೋಗಿಲ್ಲ. ಈ ಸಭೆಗೆ ಬರುವಾಗ ಮನೆಯ ಮೂಲೆಯೊಂದರಲ್ಲಿ ಬಾಲ್ದಿ ಇಟ್ಟು ಬಂದವರು ಕೆಲವರಾದರೂ ಇಲ್ಲಿ ಇರಲೇಬೇಕು.

ಊರಿನಲ್ಲಿದ್ದಾಗ ಮನೆಯ ರಿಪೇರಿ ಎಂಬುದು ಒಂದು ಕೆಲಸವೆಂದೇ ನಮಗೆ ತೋರುತ್ತಿರಲಿಲ್ಲ. ಅದು ಋತುವಿನ ಹಾಗೆ ಬರುತ್ತಿತ್ತು. ಕರಾವಳಿಯವರಿಗೆ ನೆನಪಿರಬಹುದು: ಬೇಸಗೆ ಮುಗಿಯುವ ಮುನ್ನ ಮಾಡು ಹತ್ತಿ ಒಡೆದ ಹಂಚು ತೆಗೆದು ಬೇರೆ ಕೂರಿಸುವುದು, ಗೆದ್ದಲು ಹಿಡಿದ ರೀಪು ಬದಲಿಸುವುದು, ಪಕಾಸಿಗೆ ಗೇರೆಣ್ಣೆ ಬಳಿಯುವುದು, ಗಾಳಿಮಳೆ ಬಡಿಯುವ ದಿಕ್ಕಿನ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು. ಬಿಜಾಪುರ, ಧಾರವಾಡದ ಕಡೆಯವರಿಗೆ ಮಾಳಿಗೆಗೆ ಹೊಸ ಮಣ್ಣು ಹಾಕಿ ದಮ್ಮಸು ಮಾಡಿದ್ದು ನೆನಪಿರಬಹುದು. ಅಜ್ಜ ಮೇಲೆ, ಮೊಮ್ಮಗ ಏಣಿಯ ಬುಡದಲ್ಲಿ. ಕೂಲಿಯಾಳು ಬಂದರೂ ಮನೆಯವರ ಕೈ ಅದರಲ್ಲಿ ಇದ್ದೇ ಇರುತ್ತಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆಗೆದ ಮೇಲೆ ಆ ಊರಿನ ಹಂಚು ಹಡಗು ಹತ್ತಿ ಮುಂಬಯಿಗೂ ಬಂತು. ಈ ನಗರದ ಎಷ್ಟೋ ಹಳೆಯ ಚಾಳುಗಳ ಮೇಲೆ ಅದು ಕುಳಿತಿತ್ತು. ನಮ್ಮಲ್ಲಿ ಅನೇಕರಿಗಿಂತ ಮೊದಲೇ ನಮ್ಮ ಹಂಚು ಇಲ್ಲಿ ನೆಲೆಗೊಂಡಿತ್ತೆನ್ನಿ.

ಹಂಚು ಬಂದಿತು, ಆದರೆ ಏಣಿ ಹತ್ತುವ ಅಭ್ಯಾಸ ನಮ್ಮೊಂದಿಗೆ ಬರಲಿಲ್ಲ. 1974ರಲ್ಲಿ ನಾವು ಇಲ್ಲಿಗೆ ಬಂದು ಪರೇಲಿನ ಚಾಳಿನ ಒಂದು ಖೋಲಿಯಲ್ಲಿ ಇಳಿದಾಗ ಮೊದಲು ಕಲಿತ ಪಾಠವೇ "ಅದು ಮಾಲೀಕನ ಕೆಲಸ" ಎಂಬುದು. ಮೆಟ್ಟಿಲು ಮುರಿದರೆ ಮಾಲೀಕನ ಕೆಲಸ, ಮಾಡು ಸೋರಿದರೆ ಮಾಲೀಕನ ಕೆಲಸ. ಮಾಲೀಕನೋ, 1947ರ ಬಾಡಿಗೆ ನಿಯಂತ್ರಣದ ಕಾಯಿದೆ 1940ರ ಸೆಪ್ಟೆಂಬರಿನ ಬಾಡಿಗೆಯನ್ನೇ ಅಳತೆಯಾಗಿ ಹಿಡಿದುಬಿಟ್ಟಿದ್ದರಿಂದ, ಬಂದ ಬಾಡಿಗೆಯಲ್ಲಿ ಸುಣ್ಣಕ್ಕೂ ಸಾಲದೆಂದು ಕೈ ಕಟ್ಟಿ ಕುಳಿತವನು. ಆ ಕಾಯಿದೆ ಇಲ್ಲದಿದ್ದರೆ ಹೊಟೇಲಿನ ಸಂಬಳದಲ್ಲಿ ನಮ್ಮಂಥವರು ಈ ನಗರದಲ್ಲಿ ಬೇರೂರುವುದೇ ಕಷ್ಟವಾಗುತ್ತಿತ್ತು. ಅದನ್ನು ಹಳಿಯಲು ನಮಗೆ ಬಾಯಿಲ್ಲ. ಆದರೆ ಅದರ ನೆರಳಿನಲ್ಲಿ ಕಟ್ಟಡಗಳು ಕರಗಿದ್ದೂ ನಿಜ. ಕೊನೆಗೆ 1969ರಲ್ಲಿ ಸರಕಾರವೇ ದುರಸ್ತಿ ಮಂಡಲಿ ಮಾಡಿ, ನಗರದ ಹಳೆಯ ಬಾಡಿಗೆ ಕಟ್ಟಡಗಳಿಂದ ಸೆಸ್ ಎತ್ತಿ ರಿಪೇರಿ ಮಾಡಿಸಬೇಕಾಯಿತು. ಆಗ "ಮಾಲೀಕನ ಕೆಲಸ" ಹೋಗಿ "ಸರಕಾರದ ಕೆಲಸ" ಎಂಬ ಮಾತು ಬಂತು. ನಮ್ಮ ಕೆಲಸ ಎಂಬ ಮಾತು ಮಾತ್ರ ಬರಲಿಲ್ಲ.

ಆಮೇಲೆ ನಾವೆಲ್ಲ ಮುಲುಂಡ, ಡೊಂಬಿವಲಿ, ಗೋರೆಗಾಂವ್, ಮೀರಾ ರೋಡ್ ಎಂದು ಹೊರಟೆವು; ಸಾಲ ಮಾಡಿ, ಹೆಂಡತಿಯ ಬಳೆ ಒತ್ತೆಯಿಟ್ಟು ಫ್ಲ್ಯಾಟು ಕೊಂಡೆವು. ಮೂವತ್ತು ವರ್ಷ ಕಾದವನಿಗೆ ಸ್ವಂತ ಗೋಡೆ ಸಿಕ್ಕಿತು. ಆಗ ನಮ್ಮ ಬುದ್ಧಿ ಇನ್ನೊಂದು ತುದಿಗೆ ಜಾರಿತು: ನನ್ನ ಗೋಡೆ, ನಾನು ಒಡೆಯುತ್ತೇನೆ, ಕೇಳುವವರು ಯಾರು? ಈ ಎರಡು ಮಾತುಗಳ ನಡುವೆ, 'ನನ್ನ ಕೆಲಸವಲ್ಲ' ಮತ್ತು 'ನನ್ನಿಷ್ಟ' ಇವುಗಳ ನಡುವೆ, ಏನಿದೆ ಎಂಬುದನ್ನು ನಮಗೆ ಒಂದು ಒದ್ದೆಯ ಕಲೆ ತೋರಿಸಿಕೊಟ್ಟಿತು. ಅದನ್ನು ಹೇಳುತ್ತೇವೆ.

ಮುಲುಂಡದಲ್ಲಿ ನಮ್ಮದು ಎರಡನೆಯ ಮಾಳಿಗೆ. ಒಂದು ಮಳೆಗಾಲದಲ್ಲಿ ಮಲಗುವ ಕೋಣೆಯ ಛಾವಣಿಯ ಮೂಲೆಯಲ್ಲಿ ಹಪ್ಪಳದಷ್ಟು ಅಗಲದ ಕಲೆ ಕಾಣಿಸಿತು. ತಿಂಗಳೊಳಗೆ ಅದು ಬಾಳೆಲೆಯಷ್ಟಾಯಿತು. ಆ ಮೂಲೆಯ ಮೇಲೆಯೇ ಮೇಲಿನ ಮನೆಯ ಬಚ್ಚಲು. ಅವರು ಹಿಂದಿನ ವರ್ಷ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದ್ದರು. ಇನ್ನೇನು ಸಾಕ್ಷಿ ಬೇಕು? ಮೇಲಿನವರು ಮರಾಠಿಗರು, ನಿವೃತ್ತ ಮಾಸ್ತರರು, ಬಹಳ ಮರ್ಯಾದಸ್ಥರು. "ಕಾಕಾ, ನಿಮ್ಮ ಬಚ್ಚಲು ಸೋರುತ್ತಿದೆ" ಎಂದೆವು. "ಅಣ್ಣಾ, ನನ್ನ ಬಚ್ಚಲು ಸೋರುವುದಿಲ್ಲ" ಎಂದರು. ಸೊಸಾಯಿಟಿಗೆ ಅರ್ಜಿ ಕೊಟ್ಟೆವು, ಅವರು ಮರು ಅರ್ಜಿ ಕೊಟ್ಟರು. ಸಂಕ್ರಾಂತಿಗೆ ಮೇಲಿನಿಂದ ಬರುತ್ತಿದ್ದ ತಿಳಗುಳ ನಿಂತಿತು, ದೀಪಾವಳಿಗೆ ಕೆಳಗಿನಿಂದ ಹೋಗುತ್ತಿದ್ದ ಚಕ್ಕುಲಿ ನಿಂತಿತು. ಹೀಗೆ ಎರಡು ವರ್ಷ.

ಗಂಟು ಬಿಡಿಸಿದವಳು ನಮ್ಮಾಕೆ. ಅವಳು ಅಡಿಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ, ಕಲೆ ಒದ್ದೆಯಾದ ದಿನ ಒಂದು ಚುಕ್ಕೆ, ಒಣಗಿದ ದಿನ ಒಂದು ಗೆರೆ ಹಾಕುತ್ತ ಬಂದಿದ್ದಳು. ಫೆಬ್ರವರಿಯಿಂದ ಮೇವರೆಗೆ ಒಂದೂ ಚುಕ್ಕೆ ಇರಲಿಲ್ಲ. "ಅಲ್ಲ, ಮೇಲಿನವರು ಮಾರ್ಚ್ ತಿಂಗಳಲ್ಲಿ ಸ್ನಾನ ಮಾಡುವುದಿಲ್ಲವೆ?" ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಎದುರಿನ ಕಟ್ಟಡದ ತಾರಸಿ ಹತ್ತಿ ನೋಡಿದರೆ, ತಾರಸಿಯ ಮಳೆನೀರು ಇಳಿಯುವ ಪೈಪಿನ ಜೋಡಿನಲ್ಲಿ ಅರಳಿಯ ಸಸಿಯೊಂದು ಮೊಳಕೈಯುದ್ದ ಬೆಳೆದು ನಿಂತಿದೆ! ಅದರ ಬೇರು ಜೋಡನ್ನು ಬಿಡಿಸಿ ಗೋಡೆಯ ಬಿರುಕಿನೊಳಗೆ ಇಳಿದಿತ್ತು. ಮಳೆ ಬಂದಾಗಲೆಲ್ಲ ತಾರಸಿಯ ನೀರು ಬೇರಿನ ದಾರಿ ಹಿಡಿದು ನಮ್ಮ ಮೂಲೆಗೆ ಬರುತ್ತಿತ್ತು. ಸೊಸಾಯಿಟಿಯವರು ಸಸಿ ಕೀಳಿಸಿ, ಬೇರನ್ನು ಬುಡಸಹಿತ ತೆಗೆಸಿ (ಬರೀ ಕತ್ತರಿಸಿದರೆ ಅದು ಮತ್ತೆ ಚಿಗುರುತ್ತದೆ) ಪೈಪಿನ ಜೋಡು ಬದಲಿಸಿ ಬಿರುಕು ಮುಚ್ಚಿಸಿದರು. ನಾವು ಮೇಲೆ ಹೋಗಿ ತಪ್ಪಾಯಿತೆಂದೆವು. ಕಾಕಾ ನಕ್ಕು, "ಎರಡು ವರ್ಷ ನನ್ನ ಬಚ್ಚಲನ್ನು ಬೈದದ್ದಕ್ಕೆ ದಂಡ, ಎರಡು ವರ್ಷದ ಚಕ್ಕುಲಿ" ಎಂದರು.

ಆದುದರಿಂದ ಮೊದಲ ಹತ್ಯಾರ ಸುತ್ತಿಗೆಯಲ್ಲ, ಕ್ಯಾಲೆಂಡರು. ಮಳೆಗಾಲದಲ್ಲಿ ಮಾತ್ರ ಒದ್ದೆಯಾದರೆ ಹೊರಗೋಡೆ, ತಾರಸಿ, ಮಳೆನೀರಿನ ಪೈಪು ಇವನ್ನು ಸಂಶಯಿಸಿರಿ. ವರ್ಷವೆಲ್ಲ ಒದ್ದೆಯಾದರೆ ಬಚ್ಚಲು, ಇಲ್ಲವೆ ನಲ್ಲಿನೀರಿನ ಪೈಪು. ಬಚ್ಚಲಿನ ಮೇಲೆ ಸಂಶಯವಿದ್ದರೆ ಮೇಲಿನವರಲ್ಲಿ ವಿನಯದಿಂದ ಕೇಳಿ ಒಂದು ಪರೀಕ್ಷೆ ಮಾಡಿಸಬಹುದು. ನಹಾನಿಯ ಬಾಯಿಗೆ ಬಟ್ಟೆ ತುರುಕಿ ಬಿಗಿಯಾಗಿ ಮುಚ್ಚಿ, ನೆಲದಲ್ಲಿ ಎರಡು ಅಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಒಂದು ಹಗಲು ಒಂದು ರಾತ್ರಿ ಬಿಡುವುದು. ನೀರಿಗೆ ಸ್ವಲ್ಪ ಬಣ್ಣ ಬೆರೆಸಿದರೆ ಕೆಳಗೆ ಅದೇ ಬಣ್ಣ ಇಳಿಯುತ್ತದೆಯೆ ಎಂಬುದೂ ತಿಳಿಯುತ್ತದೆ. ನೀರು ಗುರುತಿಗಿಂತ ಚೆನ್ನಾಗಿ ಇಳಿದು ಕೆಳಗೆ ಒದ್ದೆ ಹೆಚ್ಚಾದರೆ ನೆಲದ ದೋಷ. ನೀರು ಹಾಗೆಯೇ ನಿಂತರೆ ಮೇಲಿನವರು ನಿರಪರಾಧಿಗಳು, ಪೈಪನ್ನು ನೋಡಿರಿ. ಈ ಒಂದು ಪರೀಕ್ಷೆಯನ್ನು ನಾವು ಮೊದಲೇ ಮಾಡಿದ್ದರೆ!

ಇನ್ನು ನಮ್ಮ ಕೈಯಲ್ಲೇ ಆಗುವ ಕೆಲಸ. ಅಲ್ಯುಮಿನಿಯಂ ಕಿಟಕಿಯಿಂದ ನೀರು ಒಳಗೆ ಬರುತ್ತದೆಂದು ಅನೇಕರು ಕಿಟಕಿಯನ್ನೇ ಬದಲಿಸುತ್ತಾರೆ. ಅದರ ಕೆಳಗಿನ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ನಗರದ ಧೂಳು ಅವನ್ನು ಮುಚ್ಚಿಬಿಟ್ಟಿರುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಸಾಕು, ಖರ್ಚು ಸೊನ್ನೆ. ನಲ್ಲಿ ತೊಟ್ಟಿಕ್ಕಿದರೆ ಬಹಳ ಸಲ ಒಳಗಿನ ವಾಯ್ಸರು ಸವೆದಿರುತ್ತದೆ. ನೀರಿನ ವಾಲ್ವು ಮುಚ್ಚಿ, ಹೊಳಪು ಕೆಡದಂತೆ ಪಾನಾಕ್ಕೆ ಬಟ್ಟೆ ಸುತ್ತಿ ಬಿಚ್ಚಬೇಕು. ಅದಕ್ಕೂ ಮೊದಲು ನಹಾನಿಯ ಜಾಳಿಯ ಮೇಲೆ ಒಂದು ಹಳೆಯ ಟವೆಲು ಹಾಸಿರಿ. ಸ್ಕ್ರೂ ಮೋರಿಗೆ ಬಿದ್ದ ಮೇಲೆ ಹಾಸಿ ಪ್ರಯೋಜನವಿಲ್ಲ. ಹಳೆಯ ವಾಯ್ಸರನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿರಿ. ಬಾಯಲ್ಲಿ ಅಳತೆ ಹೇಳಿ ತಂದದ್ದು ಎಂದೂ ಕೂರುವುದಿಲ್ಲ. ಬಚ್ಚಲಿನ ಟೈಲ್ಸಿನ ಸಂದುಗಳಲ್ಲಿ ಸಿಮೆಂಟು ಹೋಗಿದ್ದರೆ ಕೆರೆದು ತೆಗೆದು, ಚೆನ್ನಾಗಿ ಒಣಗಿಸಿ ಹೊಸದು ತುಂಬಬಹುದು. ಕೆಳಗಿನವರ ಛಾವಣಿ ಉಳಿಯುವುದು ಎಷ್ಟೋ ಸಲ ಇಷ್ಟರಿಂದಲೇ. ಪೈಪಿನ ಸಣ್ಣ ಸೋರಿಕೆಗೆ ಎಂ-ಸೀಲಿನ ಎರಡು ಭಾಗಗಳನ್ನು ಸಮಸಮ ಕಲಸಿ ಮೆತ್ತುವುದು ಎಲ್ಲರಿಗೂ ಗೊತ್ತು. ಪೈಪನ್ನು ಮೊದಲು ಉಜ್ಜಿ ಒಣಗಿಸಬೇಕೆಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಈ ಕೆಲಸಗಳಲ್ಲಿ ಮಕ್ಕಳ ಕೈಗೆ ಟಾರ್ಚು ಕೊಟ್ಟು ನಿಲ್ಲಿಸಿಕೊಳ್ಳಿ. ಏಣಿಯ ಬುಡ ಹಿಡಿದದ್ದು ನಾವು ಮರೆತಿದ್ದೇವೆಯೆ? ವಿದ್ಯುತ್ತಿನ ಬೋರ್ಡಿನ ಬಳಿ ಗೋಡೆ ಒದ್ದೆಯಾಗಿದ್ದರೆ ಮಾತ್ರ ಮುಖ್ಯ ಸ್ವಿಚ್ಚು ಆರಿಸಿ, ಲೈಸೆನ್ಸಿನವನನ್ನು ಕರೆಯಿರಿ. ಅಲ್ಲಿ ಧೈರ್ಯ ತೋರಿಸುವುದು ಬೇಡ.

ಈಗ ಒಂದು ಗಂಭೀರವಾದ ಮಾತು. ಕಾಂಕ್ರೀಟಿನೊಳಗೆ ಇರುವ ಕಬ್ಬಿಣವನ್ನು ಕಾಂಕ್ರೀಟಿನ ಕ್ಷಾರಗುಣವೇ ತುಕ್ಕಿನಿಂದ ಕಾಪಾಡುತ್ತದೆ. ವರ್ಷಗಳು ಕಳೆದಂತೆ, ಸೋರಿಕೆಯ ನೀರೂ ಕಡಲಗಾಳಿಯ ಉಪ್ಪೂ ಒಳಹೊಕ್ಕಂತೆ, ಆ ಕಾವಲು ಸಡಿಲವಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಛಾವಣಿಯಿಂದ ಚಕ್ಕೆ ಬೀಳುವುದು ಬಣ್ಣದ ದೋಷವಲ್ಲ, ಒಳಗಿನಿಂದ ಬಂದ ಸುದ್ದಿ. ಕೋಲಿನಿಂದ ಮೆಲ್ಲನೆ ತಟ್ಟಿ ನೋಡಿರಿ, ಪೊಳ್ಳು ಸದ್ದು ಬಂದರೆ ಇಂಜಿನಿಯರನ್ನು ಕರೆಸಿರಿ. ನಾವು ಮಾಡುವುದೇನು? ಕೆಳಗೆ ಚಂದದ ಪಿ.ಓ.ಪಿ. ಛಾವಣಿ ಕಟ್ಟಿಸಿ ದೀಪ ಹಚ್ಚುತ್ತೇವೆ. ರೋಗಿಗೆ ರೇಷ್ಮೆಯ ಅಂಗಿ ತೊಡಿಸಿ ಕೂರಿಸಿದ ಹಾಗೆ.

ಇದಕ್ಕಿಂತ ಭಯಂಕರವಾದದ್ದು ಕಂಬ, ತೊಲೆಗಳಿಗೆ ಕೈ ಹಾಕುವುದು. 2017ರ ಜುಲೈ 25ರಂದು ಘಾಟಕೋಪರಿನ ದಾಮೋದರ ಪಾರ್ಕಿನಲ್ಲಿ ನಾಲ್ಕು ಮಾಳಿಗೆಯ ಕಟ್ಟಡವೊಂದು ಬೆಳಗಿನ ಹೊತ್ತು ಕುಸಿದು 17 ಜನ ತೀರಿಕೊಂಡರು. ನೆಲದ ಅಂತಸ್ತಿನಲ್ಲಿ ನಡೆಯುತ್ತಿದ್ದ ನವೀಕರಣದಲ್ಲಿ ಕಂಬಗಳನ್ನು ಕೆಣಕಿದ್ದೇ ಕಾರಣವೆಂಬ ಆಪಾದನೆ ಬಂದು ಪೊಲೀಸು ಮೊಕದ್ದಮೆಯಾಯಿತು. ಮೇಲಿನ ಮಾಳಿಗೆಗಳಲ್ಲಿ ಮಲಗಿ ಎದ್ದವರು ಯಾವ ಗೋಡೆಯನ್ನೂ ಒಡೆದವರಲ್ಲ. ಹಾಲು ದೊಡ್ಡದಾಗಲಿ ಎಂದು ಗೋಡೆ ತೆಗೆಸುವಾಗ, ವಯರು ಒಳಗೆ ಹೋಗಲಿ ಎಂದು ತೊಲೆಯಲ್ಲಿ ಚಾಣದ ಗಾಡಿ ಕೊರೆಸುವಾಗ, ಹಳೆಯ ನೆಲ ಕೀಳದೆ ಅದರ ಮೇಲೆಯೇ ಹೊಸ ಕಲ್ಲು ಹಾಕಿಸಿ ಭಾರ ಏರಿಸುವಾಗ, ನಮ್ಮ ಮೇಲೂ ಕೆಳಗೂ ಮಲಗುವವರ ಅಪ್ಪಣೆಯನ್ನು ನಾವು ಕೇಳಿರುವುದಿಲ್ಲ. ಗೋಡೆ ನಮ್ಮದೇ ಇರಬಹುದು, ಅದು ಹೊತ್ತ ಭಾರ ಎಲ್ಲರದು.

ಕಾಯಿದೆಯೂ ಈ ಗೆರೆಯನ್ನು ಸುಮಾರಾಗಿ ಇಲ್ಲೇ ಎಳೆದಿದೆ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯ ಕೆಳಗೆ ಬಂದ ಮಾದರಿ ಉಪನಿಯಮಗಳ ಪ್ರಕಾರ ಮನೆಯೊಳಗಿನ ರಿಪೇರಿ ಸದಸ್ಯನ ಖರ್ಚು; ತಾರಸಿ, ಹೊರಗೋಡೆ, ಎಲ್ಲರಿಗೂ ಸೇರಿದ ಪೈಪು, ಮಳೆನೀರಿನ ಸೋರಿಕೆ ಇವು ಸೊಸಾಯಿಟಿಯ ಖರ್ಚು. ಒಳಗಿನ ಬದಲಾವಣೆಗೂ ಕಾರ್ಯದರ್ಶಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಕಟ್ಟಡಕ್ಕೆ 15 ವರ್ಷ ದಾಟಿದರೆ ಐದು ವರ್ಷಕ್ಕೊಮ್ಮೆ, 30 ದಾಟಿದರೆ ಮೂರು ವರ್ಷಕ್ಕೊಮ್ಮೆ ಅದರ ಬಲದ ತಪಾಸಣೆಯಾಗಬೇಕು. 1980ರ ದಶಕದಲ್ಲಿ ನಾವು ಕೊಂಡ ಫ್ಲ್ಯಾಟುಗಳೆಲ್ಲ ಈಗ 30 ದಾಟಿವೆ. ಸೊಸಾಯಿಟಿಯ ವಾರ್ಷಿಕ ಸಭೆಗೆ ಹೋಗಿರಿ ಎಂದು ಕೈ ಮುಗಿದು ಕೇಳುತ್ತೇವೆ. ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುವ ನಾವು ಅಲ್ಲಿ ಅರ್ಧ ಗಂಟೆ ಕೂರುವುದಿಲ್ಲ. ಅಲ್ಲಿ ತಪಾಸಣೆಯ ಮಾತು ಎದ್ದಾಗ ಖರ್ಚಿಗೆ ಹೆದರಿ "ಮುಂದಿನ ವರ್ಷ ನೋಡೋಣ" ಎನ್ನುವವರಲ್ಲಿ ನಮ್ಮವರೂ ಇರುತ್ತಾರೆ. ನಾವೂ ಒಮ್ಮೆ ಹಾಗೆಂದವರೇ.

ಬಣ್ಣದ ಮಾತು ಒಂದು ಉಳಿಯಿತು. ಗಣಪತಿ ಬರುತ್ತಾನೆಂದು ಆಗಸ್ಟಿನಲ್ಲಿ ಒದ್ದೆ ಗೋಡೆಗೆ ಬಣ್ಣ ಹೊಡೆಸಿದವರ ಮನೆಯಲ್ಲಿ ಅದು ಈಗಾಗಲೇ ಗುಳ್ಳೆ ಎದ್ದಿರಬೇಕು. ಈ ವರ್ಷ ಗೋಡೆಗಳನ್ನು ಒಣಗಲು ಬಿಡಿರಿ, ಉಪ್ಪು ಹೂತದ್ದನ್ನು ಬ್ರಶ್ಶಿನಿಂದ ಉದುರಿಸಿರಿ, ರಾಜ್ಯೋತ್ಸವ ಕಳೆದ ಮೇಲೆ ಬಣ್ಣದ ಡಬ್ಬಿ ತೆರೆಯಿರಿ. ಸೋರಿಕೆಯ ದೊಡ್ಡ ಕೆಲಸವನ್ನು ಮಾರ್ಚಿನಿಂದ ಮೇ ತಿಂಗಳೊಳಗೆ ಮಾಡಿಸಿಕೊಳ್ಳಿ. ಜೂನಿನಲ್ಲಿ ಕಂತ್ರಾಟುದಾರ ಹೇಳಿದ್ದೇ ಬೆಲೆ.

ಕೊನೆಗೆ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ವಿನಂತಿ. ಸಂಘದ ಪುಸ್ತಕದ ಕಪಾಟಿನ ಕೆಳಗಿನ ಖಾನೆ ಖಾಲಿಯಿದೆ. ಅಲ್ಲಿ ಒಂದು ಪಾನಾ, ಪಕ್ಕಡ, ಸ್ಕ್ರೂಡ್ರೈವರಿನ ಜೊತೆ, ಸಣ್ಣ ಡ್ರಿಲ್ಲು, ಗಟ್ಟಿಯಾದ ಮಡಿಚುವ ಏಣಿ ಇಡೋಣ. ಏಣಿಯನ್ನು ನಾವು ಕೊಡುತ್ತೇವೆ. ಪುಸ್ತಕದ ಹಾಗೆಯೇ ಹೆಸರು ಬರೆಸಿ ಒಯ್ಯಬಹುದು, ವಾರದೊಳಗೆ ತಂದುಕೊಡಬೇಕು. ತಡವಾದರೆ ದಂಡವನ್ನು ಅಧ್ಯಕ್ಷರು ಗೊತ್ತುಮಾಡಲಿ.